ಹಾವಸೆಯ ಬೆಲೆ

ಪಾಚಿಯನ್ನು ಕುರಿತು ನಮ್ಮ ಜನ ಒಳ್ಳೆಯ ಮಾತನಾಡಿದ್ದು ಕಡಮೆ. ಸಂಸ್ಕೃತ ಕವಿಗಳಿಗೆ ಅದು ಶೈವಲ. ತಾವರೆಯ ನೆರೆಯಲ್ಲಿ ಬೆಳೆಯುವ ಪುಣ್ಯದಿಂದ ಅದಕ್ಕೆ ಕಾವ್ಯದಲ್ಲಿ ಅಷ್ಟಿಷ್ಟು ಜಾಗ ದೊರೆಯಿತು. ನಮ್ಮ ವಚನಕಾರರಿಗೆ ಅದು ಹಾವಸೆ. ಕಾಲಿಟ್ಟವನನ್ನು ಜಾರಿಸಿ ಕೆಡಹುವ ವಸ್ತು. ಕಲ್ಯಾಣಿಯ ಮೆಟ್ಟಿಲುಗಳನ್ನು ವರ್ಷಕ್ಕೊಮ್ಮೆ ಉಜ್ಜಿ ತೊಳೆಯುತ್ತಿದ್ದ ನಮ್ಮೂರಿನ ಹಿರಿಯರಿಗೆ ಅದು ಬರಿಯ ಕೊಳೆ. ಇಂಥದರ ವಿಚಾರವಾಗಿ ಕನ್ನಡ ಪಾಠ ಹೇಳುವವನೊಬ್ಬನು ಸಾಹಿತ್ಯದ ಪುಟದಲ್ಲಿ ಬರೆಯಹೊರಟರೆ ವಾಚಕರು ಹುಬ್ಬೇರಿಸಬಹುದು. ನನಗೆ ಈ ವಿಷಯದಲ್ಲಿ ಒಂದು ಹಳೆಯ ಸಾಲವುಂಟು. ಅದನ್ನು ಮೊದಲು ಒಪ್ಪಿಕೊಂಡುಬಿಡುವುದು ಲೇಸು.

2012ರಲ್ಲಿ, ನಾನು ಅಧ್ಯಾಪಕನಾದ ಹೊಸತರಲ್ಲಿ, ನಮ್ಮ ಕಾಲೇಜಿನ ವಿಜ್ಞಾನ ಸಂಘದವರು ನನ್ನನ್ನು ಭಾಷಣಕ್ಕೆ ಕರೆದರು. ಅದರ ಹಿಂದಿನ ವರ್ಷದ ನವೆಂಬರಿನಲ್ಲಿ ಅಮೆರಿಕದ ಹ್ಯೂಸ್ಟನ್ನಿನಿಂದ ಷಿಕಾಗೋ ನಗರಕ್ಕೆ ವಿಮಾನವೊಂದು ಪಾಚಿಯ ಎಣ್ಣೆಯನ್ನು ಬೆರೆಸಿದ ಇಂಧನದಿಂದ ಪ್ರಯಾಣಿಕರನ್ನು ಹೊತ್ತು ಹಾರಿತ್ತು. ನಾನು ಆ ಸುದ್ದಿಯನ್ನೇ ಹಿಡಿದೆ. ಕೆರೆಯ ಕೊಳೆ ಮುಗಿಲಿಗೇರಿತೆಂದೆ. ನಮ್ಮ ಹಳ್ಳಿಯ ಹೊಂಡಗಳು ನಾಳೆ ಎಣ್ಣೆಯ ಬಾವಿಗಳಾಗುವುವೆಂದೆ. ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಒಬ್ಬ ಹುಡುಗ ಮಾತ್ರ ಚಪ್ಪಾಳೆ ತಟ್ಟಿ ಸುಮ್ಮನಾಗಲಿಲ್ಲ, ಮಾತನ್ನು ನೆನಪಿನಲ್ಲಿಟ್ಟುಕೊಂಡ.

ಆತ ಪದವಿ ಮುಗಿಸಿ ಊರಿಗೆ ಹೋದ. ಕೆಲವು ವರ್ಷಗಳ ಮೇಲೆ ಒಂದು ಕಂಪನಿಯ ಏಜೆಂಟರು ಆ ಸೀಮೆಗೆ ಬಂದರು. ಅವರ ಕರಪತ್ರದಲ್ಲಿ ಪಾಚಿ ಎಂಬ ಮಾತೇ ಇರಲಿಲ್ಲ. 'ಹಸಿರು ಚಿನ್ನ' ಎಂದಿತ್ತು, ಸ್ಪಿರುಲಿನಾ ಎಂದಿತ್ತು. ತೊಟ್ಟಿ ಕಟ್ಟಿಸಿ ಬೆಳೆಯಿರಿ, ಬೆಳೆದದ್ದನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂಬ ವಾಗ್ದಾನವಿತ್ತು. ಹುಡುಗನ ತಂದೆ, ಓದು ಬರಹ ಹೆಚ್ಚಿಲ್ಲದವರು, ಒಂದೇ ಪ್ರಶ್ನೆ ಕೇಳಿದರಂತೆ: "ಅದು ಪಾಚಿಯೇ ತಾನೆ? ಅದನ್ನು ಇವರ ಕೈಯಿಂದ ಕೊಳ್ಳುವವರು ಯಾರು?" ಅರ್ಥಶಾಸ್ತ್ರದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆಯಿಲ್ಲ. ಉತ್ತರವನ್ನು ಯಾರೂ ಕೊಡಲಿಲ್ಲ. ತೋಟದ ಮೇಲೆ ಸಾಲವೆತ್ತಿ ನಾಲ್ಕು ತೊಟ್ಟಿ ಕಟ್ಟಿಸಿದರು. ಬೆಳೆ ಸೊಗಸಾಗಿಯೇ ಬಂತು. ಎರಡು ತಿಂಗಳು ಕೊಂಡ ಕಂಪನಿಯ ಫೋನು ಮೂರನೆಯ ತಿಂಗಳು ಮೂಕವಾಯಿತು.

ಕಳೆದ ವರ್ಷ ಆತ ನನ್ನ ಮನೆಗೆ ಬಂದಿದ್ದ. ಒಂದು ಡಬ್ಬಿಯಲ್ಲಿ ಹಸಿರು ಪುಡಿಯನ್ನು ತಂದು ಮೇಜಿನ ಮೇಲಿಟ್ಟು, "ಸಾರ್, ನೀವು ಅಂದು ಎಣ್ಣೆ ಎಂದಿರಿ. ಇದರಲ್ಲಿ ಎಣ್ಣೆ ಎಲ್ಲಿದೆ?" ಎಂದು ನಗುತ್ತ ಕೇಳಿದ. ಸಿಟ್ಟಿನಿಂದ ಕೇಳಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಎಣ್ಣೆ ಅದರಲ್ಲಿ ಇರಲಿಲ್ಲವೆಂಬುದೇನೋ ನಿಜ. ಸ್ಪಿರುಲಿನಾದ ಒಣ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಸಸಾರಜನಕ. ಜಿಡ್ಡು ತೀರ ಅಲ್ಪ. ಎಣ್ಣೆಗಾಗಿ ಬೆಳೆಸುವ ಪಾಚಿಗಳೇ ಬೇರೆ. ಅವನ್ನು ಕುರಿತ ಲೆಕ್ಕ ಕಾಗದದ ಮೇಲೆ ಬಹಳ ಚೆನ್ನಾಗಿ ಬರುತ್ತದೆ. ಒಂದು ಚದರ ಮೀಟರು ಹೊಂಡದಲ್ಲಿ ದಿನಕ್ಕೆ 20 ಗ್ರಾಂ ಪಾಚಿ, ಅದರಲ್ಲಿ ಕಾಲುಭಾಗ ಎಣ್ಣೆ ಎಂದಿಟ್ಟುಕೊಂಡರೆ ಹೆಕ್ಟೇರಿಗೆ ವರ್ಷಕ್ಕೆ 18 ಟನ್ನು ಎಣ್ಣೆಯಾಯಿತು. ಎಣ್ಣೆ ಬೆಳೆಗಳಲ್ಲಿ ಮೇಲೆನಿಸಿದ ತಾಳೆಯೂ 4 ಟನ್ನಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಇದಕ್ಕೆ ಒಳ್ಳೆಯ ಭೂಮಿ ಬೇಡ, ಉಪ್ಪುನೀರಾದರೂ ಆದೀತು, ಯಾರ ತಟ್ಟೆಯ ಅನ್ನವನ್ನೂ ಕಸಿಯಬೇಕಾಗಿಲ್ಲ. ಈ ಲೆಕ್ಕಕ್ಕೆ ಮರುಳಾದವನು ನಾನೊಬ್ಬನೇ ಅಲ್ಲವೆಂಬುದು ಅಲ್ಪ ಸಮಾಧಾನ. ಅಮೆರಿಕದ ಇಂಧನ ಇಲಾಖೆ 1978ರಿಂದ 1996ರವರೆಗೆ ಇದರ ಬೆನ್ನು ಹತ್ತಿತು. 3,000ಕ್ಕೂ ಹೆಚ್ಚು ಬಗೆಯ ಪಾಚಿಗಳನ್ನು ಕಲೆಹಾಕಿದರು. ನ್ಯೂ ಮೆಕ್ಸಿಕೋದ ರಾಸ್ವೆಲ್ಲಿನಲ್ಲಿ ದೊಡ್ಡ ಹೊಂಡಗಳನ್ನು ತೋಡಿದರು. ಅಲ್ಲಿಯ ರಾತ್ರಿಗಳ ಚಳಿ ಬೆಳೆಯನ್ನು ಕುಂದಿಸಿತು, ನೆಲದ ಎಣ್ಣೆ ಅಗ್ಗವಾಯಿತು, ಕೆಲಸ ನಿಂತಿತು. ಎಣ್ಣೆಯ ಬೆಲೆ ಮತ್ತೆ ಏರಿದಾಗ ಆಸೆಯೂ ಮತ್ತೆ ಚಿಗುರಿತು. 2009ರಲ್ಲಿ ಎಕ್ಸಾನ್ ಮೊಬಿಲ್ ಕಂಪನಿ ವಿಜ್ಞಾನಿ ಕ್ರೇಗ್ ವೆಂಟರರ ಸಂಸ್ಥೆಯೊಡನೆ ಸೇರಿ 60 ಕೋಟಿ ಡಾಲರುಗಳವರೆಗೆ ವೆಚ್ಚಮಾಡುವೆನೆಂದಿತು. 2023ರ ಆರಂಭದ ಹೊತ್ತಿಗೆ ಆ ಕೈಯೂ ಹಿಂದೆ ಸರಿದದ್ದು ಲೋಕಕ್ಕೆ ತಿಳಿಯಿತು.

ನಾನು ಹೊಗಳಿದ ಆ ವಿಮಾನದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಆ ಎಣ್ಣೆ ಯಾವ ಹೊಂಡದಲ್ಲೂ ಬೆಳೆದದ್ದಲ್ಲ, ಬಿಸಿಲು ಕಂಡದ್ದಲ್ಲ. ಸೋಲಾಜೈಮ್ ಎಂಬ ಕಂಪನಿ ಕತ್ತಲೆಯ ಉಕ್ಕಿನ ಪಾತ್ರೆಗಳಲ್ಲಿ ಪಾಚಿಗೆ ಸಕ್ಕರೆ ತಿನ್ನಿಸಿ ಅದನ್ನು ಪಡೆದಿತ್ತು. ಸಕ್ಕರೆಗೆ ಕಬ್ಬೋ ಜೋಳವೋ ಬೇಕು, ಅದಕ್ಕೆ ಗದ್ದೆ ಬೇಕು. ಯಾರ ಅನ್ನವನ್ನೂ ಕಸಿಯದೆಂದು ನಾನು ಸಾರಿದ್ದು ಇದನ್ನೇ! ಆ ಕಂಪನಿ 2016ರಲ್ಲಿ ಹೆಸರು ಬದಲಾಯಿಸಿಕೊಂಡು 2017ರಲ್ಲಿ ದಿವಾಳಿಯೆದ್ದಿತು.

ಇಷ್ಟು ಬುದ್ಧಿವಂತರು, ಇಷ್ಟು ಹಣ, ಸೋತದ್ದೇಕೆ? ಮುಖ್ಯವಾಗಿ ಸೋಲಿಸಿದ್ದು ನೀರು. ತೆರೆದ ಹೊಂಡದಲ್ಲಿ ಪಾಚಿ ಎಷ್ಟು ದಟ್ಟವಾಗಿ ಕಂಡರೂ ಲೀಟರಿಗೆ ಅರ್ಧ ಗ್ರಾಮೋ ಒಂದು ಗ್ರಾಮೋ ಇರುತ್ತದೆ, ಅಷ್ಟೆ. ಒಂದು ಕಿಲೋ ಒಣ ಪಾಚಿ ಬೇಕೆಂದರೆ ಸಾವಿರದಿಂದ ಎರಡು ಸಾವಿರ ಲೀಟರು ನೀರನ್ನು ಸೋಸಬೇಕು. ಸೋಸಲು ಯಂತ್ರ, ಒಣಗಿಸಲು ಶಾಖ, ನೀರನ್ನು ತಿರುಗಿಸುತ್ತಿರಲು ಚಕ್ರ. ಎಲ್ಲಕ್ಕೂ ಶಕ್ತಿಯೇ ಬೇಕು. ಗಳಿಸುವ ಶಕ್ತಿಯನ್ನು ಗಳಿಸುವ ಕೆಲಸವೇ ನುಂಗುತ್ತದೆ. ಇದರ ಮೇಲೆ ಪಾಚಿಯ ಹಟ ಬೇರೆ: ಸಾರಜನಕ ಧಾರಾಳವಾಗಿದ್ದಾಗ ಅದು ಬೆಳೆಯುತ್ತದೆ, ಎಣ್ಣೆ ಕೂಡಿಡುವುದಿಲ್ಲ, ಉಪವಾಸ ಕೆಡವಿದರೆ ಎಣ್ಣೆ ಕೂಡಿಡುತ್ತದೆ, ಬೆಳೆಯುವುದಿಲ್ಲ. ಇನ್ನು ಹೊಂಡಕ್ಕೆ ನುಗ್ಗಿ ಕೆಲವೇ ದಿನಗಳಲ್ಲಿ ಬೆಳೆಯನ್ನು ಮೇಯ್ದು ಹೋಗುವ ಸೂಕ್ಷ್ಮ ಪ್ರಾಣಿಗಳ ಕಾಟವನ್ನು ರೈತರಿಗೆ ವಿವರಿಸಬೇಕಾಗಿಲ್ಲ.

ಆದರೆ ಪಾಚಿ ನಿಷ್ಪ್ರಯೋಜಕವೆಂದು ಇಲ್ಲಿಗೆ ಪುಸ್ತಕ ಮುಚ್ಚಿದರೆ ಅದು ಎರಡನೆಯ ತಪ್ಪು. ಆಫ್ರಿಕದ ಚಾಡ್ ಸರೋವರದ ಬಳಿಯ ಕಾನೆಮ್ ಸೀಮೆಯ ಹೆಂಗಸರು ಸ್ಪಿರುಲಿನಾವನ್ನು ಕೊಳಗಳಿಂದ ಬಾಚಿ, ಮರಳಿನ ಮೇಲೆ ಹರಡಿ ಒಣಗಿಸಿ, ಬಿಲ್ಲೆಮಾಡಿ ಸಾರಿಗೆ ಹಾಕುತ್ತಾರೆ. ಮೆಕ್ಸಿಕೋದ ಆಜ್ಟೆಕ್ ಜನರು ಟೆಸ್ಕೋಕೋ ಸರೋವರದಿಂದ ಅದನ್ನೇ ತೆಗೆದು ಉಣ್ಣುತ್ತಿದ್ದರು. ಆಸ್ಟ್ರೇಲಿಯದ ಹಟ್ ಲಗೂನಿನಲ್ಲಿ ಉಪ್ಪುನೀರನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಡುನಾಲಿಯೆಲ್ಲಾ ಎಂಬ ಪಾಚಿಯಿಂದ ಕ್ಯಾರೊಟಿನ್ ತೆಗೆಯುತ್ತಾರೆ. ಮೀನಿನೆಣ್ಣೆಯಲ್ಲಿರುವ ಡಿ.ಎಚ್.ಎ. ಎಂಬ ಕೊಬ್ಬನ್ನು ಪಾಚಿಯಿಂದಲೇ ಪಡೆದು ಕೂಸುಗಳ ಹಾಲಿನ ಪುಡಿಗೆ ಬೆರೆಸುವುದು ಇಂದು ಸಾಮಾನ್ಯ ಸಂಗತಿ. ಇವೆಲ್ಲ ಕಿಲೋ ಲೆಕ್ಕದಲ್ಲಿ ದುಬಾರಿಗೆ ಮಾರುವ ಸರಕು. ಇಂಥದನ್ನು ಪೆಟ್ರೋಲಿನೊಡನೆ ಪೈಪೋಟಿಗೆ ನಿಲ್ಲಿಸುವುದು ಗಂಧದ ಕೊರಡನ್ನು ಬಚ್ಚಲ ಒಲೆಗೆ ಒಟ್ಟಿದಂತೆ.

ನಮ್ಮ ಮನೆಯ ಬಾಗಿಲಲ್ಲೇ ಆದ ಕೆಲಸವನ್ನು ಮರೆತದ್ದಕ್ಕೆ ನನಗೆ ಹೆಚ್ಚು ನಾಚಿಕೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ 1970ರ ದಶಕದಲ್ಲೇ ಜರ್ಮನಿಯ ಸಹಕಾರದಿಂದ ಪಾಚಿಯನ್ನು ಬೆಳೆಸಿ, ಒಣಗಿಸಿ, ಆಹಾರವಾಗಿ ಪರೀಕ್ಷಿಸುವ ಕೆಲಸ ನಡೆಯಿತು. ಎಲ್. ವಿ. ವೆಂಕಟರಾಮನ್ ಅವರು ಜರ್ಮನ್ ಸಹೋದ್ಯೋಗಿ ಬೆಕರ್ ಅವರೊಡನೆ ಭಾರತದ ಅನುಭವವನ್ನು 1985ರಲ್ಲಿ ಪುಸ್ತಕವಾಗಿ ತಂದರು. ಅದಕ್ಕೂ ಹಿಂದೆ, 1939ರಲ್ಲಿ, ಢಾಕಾದ ಪಿ. ಕೆ. ಡೇ ಅವರು ಬತ್ತದ ಗದ್ದೆಯ ನೀಲಿ-ಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಕೊಡುತ್ತದೆಂದು ತೋರಿಸಿದ್ದರು. ಹ್ಯೂಸ್ಟನ್ನಿನ ವಿಮಾನ ಕಂಡ ನನ್ನ ಕಣ್ಣಿಗೆ ಮೈಸೂರು ಕಾಣಲಿಲ್ಲ.

ಪಾಚಿಯ ಎಣ್ಣೆಯ ಸಂಶೋಧನೆಯನ್ನೇ ನಿಲ್ಲಿಸಬೇಕೆ ಎಂದು ವಿಜ್ಞಾನದ ಗೆಳೆಯರು ಕೇಳುತ್ತಾರೆ. ಖಂಡಿತ ಬೇಡ. ನೆಲದ ಎಣ್ಣೆ ಎಂದಾದರೂ ತೀರುವುದೇ. ಪ್ರಯೋಗಶಾಲೆಯಲ್ಲಿ ಸರ್ಕಾರದ ಹಣದಿಂದ ಇನ್ನೂ ಐವತ್ತು ವರ್ಷ ಸೋತರೂ ಅಡ್ಡಿಯಿಲ್ಲ. ಆದರೆ ಆ ಸೋಲಿನ ವೆಚ್ಚವನ್ನು ಒಬ್ಬ ರೈತನ ತೋಟದ ಪತ್ರದ ಮೇಲೆ ಬರೆಯಕೂಡದು. ಕೊಂಡುಕೊಳ್ಳುತ್ತೇವೆಂದು ಮಾತು ಕೊಡುವ ಕಂಪನಿ ಮುಂಗಡವಾಗಿ ಠೇವಣಿ ಇಡದೆ ಹಳ್ಳಿಗೆ ಕಾಲಿಡದಂತೆ ಕಾನೂನಿನ ಕಟ್ಟು ಬೇಕು. ಕೃಷಿ ಇಲಾಖೆಯವರು ಬೆಳೆಯುವ ವಿಧಾನವನ್ನು ಕಲಿಸುವ ಮುನ್ನ ಮಾರುಕಟ್ಟೆ ಎಲ್ಲಿದೆ, ಎಷ್ಟಿದೆ ಎಂಬುದನ್ನು ಕನ್ನಡದಲ್ಲಿ ಅಚ್ಚುಮಾಡಿ ಹಂಚಬೇಕು. ದೊಡ್ಡ ಪ್ರಮಾಣದಲ್ಲಿ ಪಾಚಿ ಬೆಳೆಯಲೇಬೇಕೆಂಬ ಹಂಬಲವಿದ್ದರೆ ಅದು ಪುಕ್ಕಟೆಯಾಗಿ ಬೆಳೆಯುವ ಕಡೆಗೆ ಹೋಗೋಣ. ಕ್ಯಾಲಿಫೋರ್ನಿಯದ ವಿಲಿಯಂ ಆಸ್ವಾಲ್ಡ್ 1950ರ ದಶಕದಿಂದಲೇ ಕೊಳಚೆ ನೀರನ್ನು ಪಾಚಿಯ ಹೊಂಡಗಳಲ್ಲಿ ತಿಳಿಯಾಗಿಸುವ ಕ್ರಮವನ್ನು ರೂಪಿಸಿದರು. 2017ರಲ್ಲಿ ನೊರೆಯೆದ್ದು ಹೊಗೆಯಾಡಿದ ಬೆಂಗಳೂರಿನ ಬೆಳ್ಳಂದೂರು ಕೆರೆಯಂಥ ಕೆರೆಗಳನ್ನು ಸೇರುವ ನೀರಿನಲ್ಲಿ ಪಾಚಿಗೆ ಬೇಕಾದ ಗೊಬ್ಬರವೆಲ್ಲ ಇದೆ. ಅಲ್ಲಿ ಎಣ್ಣೆ ಸಿಗದಿದ್ದರೂ ನೀರು ತಿಳಿಯಾದರೆ ನಷ್ಟವಿಲ್ಲ.

ನನ್ನ ಶಿಷ್ಯನ ಸಾಲ ಇನ್ನೂ ತೀರಿಲ್ಲ. ನಾಲ್ಕು ತೊಟ್ಟಿಗಳಲ್ಲಿ ಒಂದು ಬಿರುಕುಬಿಟ್ಟಿದೆ, ಎರಡು ಅಡಕೆ ಸಸಿಗಳಿಗೆ ನೀರು ಹಿಡಿಯುತ್ತವೆ. ನಾಲ್ಕನೆಯದರಲ್ಲಿ ಅವನ ತಂದೆ ಅಜೋಲ ಬಿಟ್ಟಿದ್ದಾರೆ. ಅದು ಪಾಚಿಯಲ್ಲ, ನೀರಿನ ಮೇಲೆ ತೇಲುವ ಒಂದು ಜರೀಗಿಡ. ಆದರೆ ಅದರ ಎಲೆಯ ಪೊಟರೆಯಲ್ಲಿ ನೀಲಿ-ಹಸಿರು ಪಾಚಿಯೊಂದು ಮನೆಮಾಡಿಕೊಂಡು ಸಾರಜನಕ ಒದಗಿಸುತ್ತದೆ. ದಿನಾ ಬೆಳಗ್ಗೆ ಒಂದು ಬುಟ್ಟಿ ಬಾಚಿ, ತೊಳೆದು, ಬೂಸದೊಡನೆ ಕಲಸಿ ಎರಡು ಹಸುಗಳಿಗೆ ಹಾಕುತ್ತಾರಂತೆ. ಕೊಳ್ಳುವವರು ಯಾರು ಎಂದು ಆ ಮನೆಯಲ್ಲಿ ಈಗ ಯಾರೂ ಕೇಳುವುದಿಲ್ಲ.