ರಾಮಧಾನ್ಯದ ತಟ್ಟೆಯಲ್ಲಿ ರಾಗಿ ಎಷ್ಟು?

ಹೆಸರಾದ ಕಾವ್ಯ, ಹೆಸರಾದ ಚಿತ್ರ ಹಿಡಿದು ಅದರ ಹೆಸರಲ್ಲಿ ಅಡುಗೆ ಮಾಡಿ ಮಾರೋದು ಈಗ ಒಂದು ಗೀಳು. ಮಾಡಲಿ, ಬೇಡ ಅನ್ನಲ್ಲ. ಆದರೆ ಆ ಕಾವ್ಯ ಏನು ಹೇಳುತ್ತೆ, ಆ ಚಿತ್ರದಲ್ಲಿ ಯಾರು ಕೂತಿದ್ದಾರೆ ಅಂತ ನೋಡದೆ ಬರೀ ಹೆಸರು ಎತ್ತಿಕೊಂಡು ಹೋದರೆ ಅದನ್ನ ಕಳವು ಅಂತಲೇ ನಾನು ಕರೀತೀನಿ. ಯಾಕೆ ಅಂತ ಹೇಳ್ತೀನಿ, ಕೇಳಿ.

2024ರ ಸಂಕ್ರಾಂತಿಗೆ ಮಸಿನಗುಡಿ ಹತ್ತಿರದ ಒಂದು ರೆಸಾರ್ಟಿನವರು ನಮ್ಮ ನಾಲ್ಕು ಜನರ ಮೇಳವನ್ನ ಹಾಡೋಕೆ ಕರೆದರು. ಕನಕದಾಸರ ರಾಮಧಾನ್ಯ ಚರಿತ್ರೆಯ ಕತೆ ಹಾಡಿ ಅಂದರು, ಹಾಡಿದೆವು. ಮೇಜಿನ ಮೇಲೆ ಊಟದ ಪಟ್ಟಿ ಇತ್ತು. ಅದರಲ್ಲಿ 'ರಾಮಧಾನ್ಯ ತಟ್ಟೆ, 480 ರೂಪಾಯಿ'. ಬಂದದ್ದೇನು? ಬಾಸುಮತಿ ಅನ್ನದ ಒಂದು ಗುಡ್ಡೆ, ಅದರ ನೆತ್ತಿ ಮೇಲೆ ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ, ಉಂಡೆಗೆ ಬೆಳ್ಳಿ ರೇಕು. ಅಡುಗೆಯ ಹುಡುಗ ಒಳ್ಳೆಯವನೇ. "ರಾಗಿ ಗೆದ್ದಿತಲ್ಲ ತಾತ, ಅದಕ್ಕೇ ಮೇಲೆ ಕೂರಿಸಿದ್ದೀನಿ" ಅಂದ. ಕತೆ ಓದಿದ್ದೀಯೇನಪ್ಪ ಅಂದೆ. ಫೋನಿನಲ್ಲಿ ನಾಲ್ಕು ಸಾಲು ನೋಡಿದೆ ಅಂದ.

ನಮಗೆ ಹಿಂದುಗಡೆ ಬಾಗಿಲ ಹತ್ತಿರ ಊಟ ಕೊಟ್ಟರು. ಅನ್ನ, ಸಾಂಬಾರು. ರಾಗಿಯ ಕತೆ ಹಾಡಿದವರಿಗೆ ರಾಗಿ ಇಲ್ಲ! ನಾನೂ ಬಾಯಿ ಮುಚ್ಚಿಕೊಂಡು ಉಂಡು, ಕೊಟ್ಟ ದುಡ್ಡು ಜೇಬಿಗೆ ಹಾಕಿಕೊಂಡು ಬಂದೆ. ಅವತ್ತು ಆಡಬೇಕಾದ ಮಾತನ್ನ ಇವತ್ತು ಬರೀತಿದ್ದೀನಿ.

ಕತೆ ನಿಮಗೆ ಗೊತ್ತಿರೋದೇ. ಲಂಕೆಯಿಂದ ವಾಪಸು ಬರೋ ದಾರಿಯಲ್ಲಿ ರಾಮ ಗೌತಮ ಮುನಿಯ ಆಶ್ರಮದಲ್ಲಿ ಇಳೀತಾನೆ. ಧಾನ್ಯಗಳಲ್ಲಿ ಯಾವುದು ಹೆಚ್ಚು ಅಂತ ಮಾತು ಬರುತ್ತೆ. ಗೌತಮರು ನರೆದಲಗ, ಅಂದರೆ ರಾಗಿ, ಅಂತಾರೆ. ವ್ರಿಹಿಗೆ, ಅಂದರೆ ಭತ್ತಕ್ಕೆ, ಸಿಟ್ಟು ಬರುತ್ತೆ. ಮದುವೆಗೆ ನಾನು, ದೇವರಿಗೆ ನಾನು, ನೀನು ಕೀಳು ಜನರ ಕೂಳು ಅಂತ ಬಯ್ಯುತ್ತೆ. ನೀನು ಉಳ್ಳವರ ಕಡೆ, ಬರ ಬಂದಾಗ ಬಡವರ ಮಕ್ಕಳನ್ನ ಸಾಕಿದ್ದು ನಾನು ಅಂತ ರಾಗಿ ತಿರುಗಿ ಕೇಳುತ್ತೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಗೆ ಹಾಕಿಸ್ತಾನೆ. ಬಾಗಿಲು ತೆಗೆದಾಗ ಭತ್ತ ಸೊರಗಿತ್ತು, ರಾಗಿ ಗಟ್ಟಿಯಾಗಿತ್ತು. ರಾಘವ ತನ್ನ ಹೆಸರನ್ನೇ ಅದಕ್ಕೆ ಕೊಟ್ಟ.

ಇದು ಬರೀ ಕಟ್ಟುಕತೆ ಅಲ್ಲ ಕಣ್ರೀ, ರೈತನ ಲೆಕ್ಕವೂ ಹೌದು. ರಾಗಿಯ ಕಾಳು ಸಣ್ಣದು, ಗಟ್ಟಿ, ಹುಳ ಬೇಗ ಹತ್ತಲ್ಲ. ನಮ್ಮ ಹಿರಿಯರು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಇಡ್ತಿದ್ದರು. ಮಳೆ ಕೈಕೊಟ್ಟ ವರ್ಷ ಆ ಹಗೇವಿನ ಬಾಯಿ ತೆಗೆದರೇನೇ ಮನೆಗೆ ಉಸಿರು. ಕನಕದಾಸರು ಹಾಡಿದ್ದು ಆ ಉಸಿರನ್ನ. ಅದನ್ನ ಬಿಟ್ಟು ಅನ್ನದ ಗುಡ್ಡೆಯ ಮೇಲೆ ರಾಗಿಯನ್ನ ಅಲಂಕಾರಕ್ಕೆ ಕೂರಿಸಿದರೆ ಗೆದ್ದವರು ಯಾರು? ಹೊಟ್ಟೆ ತುಂಬೋದು ಯಾವುದರಿಂದ? ಅನ್ನದಿಂದಲೇ.

ಕೆಲವರು ಹೇಳ್ತಾರೆ, ಹೀಗಾದರೂ ರಾಗಿಗೆ ಬೆಲೆ ಬಂತಲ್ಲ ಅಂತ. ಸರಿ, ಲೆಕ್ಕ ಹಾಕೋಣ. 2023-24ರಲ್ಲಿ ಕೇಂದ್ರ ಸರ್ಕಾರ ರಾಗಿಗೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 3,846 ರೂಪಾಯಿ. ಕಿಲೋಗೆ 38 ರೂಪಾಯಿ ಚಿಲ್ಲರೆ. ಆ ಉಂಡೆಗೆ 30 ಗ್ರಾಂ ಹಿಟ್ಟು ಅಂತ ಇಟ್ಟುಕೊಳ್ಳಿ, ಒಂದು ರೂಪಾಯಿ ಮೇಲೆ ಹದಿನೈದು ಪೈಸೆ. ತಟ್ಟೆಗೆ 480. ಮಿಕ್ಕ ದುಡ್ಡು ರಾಗಿಯ ಬೆಲೆಯಲ್ಲ, ಕನಕದಾಸರ ಹೆಸರಿನ ಬೆಲೆ. ಅದರಲ್ಲಿ ಬೆಳೆದವನಿಗೂ ಪಾಲಿಲ್ಲ, ಹಾಡಿದವನಿಗೂ ಪಾಲಿಲ್ಲ.

ಅದೇ ಪಟ್ಟಿಯ ಇನ್ನೊಂದು ಮಗ್ಗುಲಲ್ಲಿ 'ಆಲೂಗಡ್ಡೆ ತಿನ್ನುವವರು' ಅಂತ ಒಂದು ತಿಂಡಿ ಇತ್ತು, ಚೀಸು ಸುರಿದದ್ದು. ಅದೇನು ಅಂತ ಊರಿಗೆ ಬಂದ ಮೇಲೆ ಕೇಳಿದೆ. ನಮ್ಮ ವಾಚನಾಲಯದ ಮೇಷ್ಟ್ರು ಪುಸ್ತಕ ತೆಗೆದು ತೋರಿಸಿದರು. ವ್ಯಾನ್ ಗೋ ಅನ್ನೋ ಡಚ್ ಚಿತ್ರಗಾರ 1885ರಲ್ಲಿ ಬರೆದ ಚಿತ್ರ. ಒಂದು ದೀಪ, ಐದು ಜನ, ನಡುವೆ ಒಂದು ತಟ್ಟೆ ಬೇಯಿಸಿದ ಆಲೂಗಡ್ಡೆ. ಕೈಗಳೆಲ್ಲ ಗಂಟು ಗಂಟು. ತಟ್ಟೆಗೆ ಚಾಚಿದ ಈ ಕೈಗಳೇ ನೆಲ ಅಗೆದ ಕೈಗಳು, ಆ ಊಟ ದುಡಿದು ಗಳಿಸಿದ್ದು ಅನ್ನೋ ಅರ್ಥದಲ್ಲಿ ಆತ ತಮ್ಮನಿಗೆ ಕಾಗದ ಬರೆದಿದ್ದನಂತೆ. ಆ ಕೈ ನಾನು ದಿನಾ ನೋಡ್ತೀನಿ. ಮೇಲೆ ಊಟಿ ಕಡೆ ಗೆಡ್ಡೆ ಅಗೆಯೋರ ಕೈ ಅದೇ ತರ. ಅಲ್ಲಿನ ಆಲೂಗಡ್ಡೆ ಬೇರಿಗೆ ಜಂತುಹುಳ ಬಿದ್ದದ್ದು 1961ರಲ್ಲಿ ಗೊತ್ತಾಯಿತು. ಬಿತ್ತನೆ ಗೆಡ್ಡೆ ಜಿಲ್ಲೆ ದಾಟಬಾರದು ಅಂತ ಕಟ್ಟು ಬಂತು. ಆ ಪಾಡು ಪಡೋರ ಹೆಸರು ತಿಂಡಿಗೆ ಇಟ್ಟು, ಅವರಿಗೇ ಎಟುಕದ ಬೆಲೆಗೆ ಮಾರೋದು ಎಂಥ ಕಲೆ?

ಅಡುಗೆಗೂ ಕಾವ್ಯಕ್ಕೂ ನಂಟು ಬೇಡ ಅಂತ ನಾನು ಹೇಳ್ತಿಲ್ಲ. ಹುಣಸೂರು ಸೀಮೆಯ ಕಲ್ಲಹಳ್ಳಿಯ ಮೂರನೇ ಮಂಗರಸ 16ನೇ ಶತಮಾನದ ಮೊದಲಲ್ಲೇ ಸೂಪಶಾಸ್ತ್ರ ಅಂತ ಅಡುಗೆಯನ್ನೇ ಷಟ್ಪದಿಯಲ್ಲಿ ಬರೆದ. ಅವನು ಪದ್ಯದಲ್ಲೇ ಒಲೆ ಮುಂದೆ ಕೂತು ಹೇಳಿಕೊಡ್ತಾನೆ. ನಮ್ಮ ಅವ್ವಂದಿರು ಬೀಸೋ ಕಲ್ಲಿನ ಮುಂದೆ ಹಾಡಿದ್ದೂ ಹಂಗೇ. ರಾಗಿ ಬೀಸಿ ತೋಳು ಸೋತಾಗ ಪದ ಬಂತು. ಅಡುಗೆಯ ದುಡಿಮೆಯಿಂದ ಹಾಡು ಹುಟ್ಟಿದ್ದು ಅದು. ಇವರು ಹಾಡು ಇಟ್ಟುಕೊಂಡು ದುಡಿಮೆಯನ್ನ ಆಚೆ ಹಾಕಿದ್ದಾರೆ.

ನಿಜವಾದ ರಾಮಧಾನ್ಯ ಎಲ್ಲಿದೆ ಅಂದರೆ ರೇಷನ್ ಅಂಗಡಿ ಸಾಲಿನಲ್ಲಿದೆ. 2023ರ ಮೇ ತಿಂಗಳಲ್ಲಿ ತಮಿಳುನಾಡು ಸರ್ಕಾರ ನಮ್ಮ ನೀಲಗಿರಿಯಲ್ಲೂ ಧರ್ಮಪುರಿಯಲ್ಲೂ 2 ಕಿಲೋ ಅಕ್ಕಿಯ ಬದಲು 2 ಕಿಲೋ ರಾಗಿ ಕೊಡೋಕೆ ಶುರು ಮಾಡಿತು. ಚೀಲ ಹಿಡಿದು ನಿಂತಾಗ ನನಗೆ ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಹಂದಿ, ಆನೆ ಕಾಟಕ್ಕೆ ಬೇಸತ್ತು ಎಷ್ಟೋ ವರ್ಷದಿಂದ ನಾನೇ ರಾಗಿ ಬಿತ್ತೋದು ಬಿಟ್ಟಿದ್ದೆ. ಊರೂರು ರಾಗಿಯ ಕತೆ ಹಾಡಿಕೊಂಡು ತಿರುಗೋನು ರಾಗಿ ಬೆಳೆಯಲ್ಲ ಅಂದರೆ ಆ ಹುಡುಗನನ್ನ ಬಯ್ಯೋ ಬಾಯಿ ನನಗೆಲ್ಲಿಂದ ಬರಬೇಕು? ಅದಕ್ಕೇ ಈಗ ಅರ್ಧ ಎಕರೆ ಬಿತ್ತಿ ರಾತ್ರಿ ಕಾವಲು ಕೂರ್ತಿದ್ದೀನಿ.

ರಾಮಧಾನ್ಯದ ಅಡುಗೆ ಬೇಕು ಅನ್ನೋರಿಗೆ ಕ್ರಮ ಹೇಳ್ತೀನಿ, ದುಡ್ಡು ಬೇಡ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಒಂದು ಚಮಚ ಹಿಟ್ಟು ತಣ್ಣೀರಲ್ಲಿ ಕಲಸಿ ಎಸರಿಗೆ ಬಿಡಿ. ಕುದಿ ಬಂದಾಗ ಮಿಕ್ಕ ಹಿಟ್ಟು ಗುಡ್ಡೆಯಾಗಿ ಸುರೀರಿ, ಕಲಕಬೇಡಿ. ಕೋಲಿನಿಂದ ನಡುವೆ ಒಂದು ತೂತು ಮಾಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಲಿ. ಆಮೇಲೆ ಗಂಟಿಲ್ಲದಂಗೆ ತಿರುವಿ, ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ. ಜೊತೆಗೆ ಹುರುಳಿ ಉಪ್ಸಾರು.

ಬರೋ ಕನಕ ಜಯಂತಿಗೆ ಇದೇ ವಾಚನಾಲಯದ ಮುಂದೆ ಒಲೆ ಹೂಡೋಣ. ರಾಗಿ ನನ್ನ ಹೊಲದ್ದು, ಹಂದಿ ಬಿಟ್ಟಷ್ಟು. ಆ ರೆಸಾರ್ಟಿನ ಹುಡುಗನನ್ನೂ ಕರೀತೀನಿ. ಅವನು ಮೊದಲು ಬೀಸಲಿ, ಆಮೇಲೆ ಕತೆ ಪೂರಾ ಕೇಳಲಿ, ಕಡೆಗೆ ನಮ್ಮ ಸಾಲಿನಲ್ಲೇ ಕೂತು ಉಣ್ಣಲಿ.