ವಂಶಾವಳಿ ಬಿಟ್ಟು ಮುಂದಿನ ಪುಟ ತಿರುವಿ

ನೂರ್ ಇನಾಯತ್ ಖಾನ್ ಜೀವನಚರಿತ್ರೆಯ ಬಗ್ಗೆ ನಮ್ಮಲ್ಲಿ ನಡೆಯುವ ಮಾತು ಬಹುಪಾಲು ಮೊದಲ ಅಧ್ಯಾಯದಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಎರಡನೇ ಮಹಾಯುದ್ಧದಲ್ಲಿ ಎಸ್‌ಒಇ ಎಂಬ ಬ್ರಿಟಿಷ್ ಗುಪ್ತಸಂಸ್ಥೆಯ ಪರವಾಗಿ ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿಗೆ ಹೋಗಿ, 1944ರ ಸೆಪ್ಟೆಂಬರ್ 13ರಂದು ಡಾಕಾವ್ ಶಿಬಿರದಲ್ಲಿ ಕೊಲೆಯಾದ ಈ ರೇಡಿಯೊ ಆಪರೇಟರ್ ಟಿಪ್ಪು ಸುಲ್ತಾನನ ವಂಶದವಳು ಎಂದು ಶ್ರಬಾಣಿ ಬಸು 2006ರ ‘ಸ್ಪೈ ಪ್ರಿನ್ಸೆಸ್’ನಲ್ಲಿ ಬರೆದಿದ್ದಾರೆ. ಅಷ್ಟು ಸಾಕು, ಜಗಳ ಶುರು. ಒಬ್ಬರಿಗೆ ಅದು ಎದೆಯುಬ್ಬಿಸುವ ಸುದ್ದಿ, ಇನ್ನೊಬ್ಬರಿಗೆ ಪುಸ್ತಕವನ್ನು ಪಕ್ಕಕ್ಕಿಡಲು ನೆಪ. ಟಿಪ್ಪುವನ್ನು ಕೊಂದವರ ಕೈಕೆಳಗೇ ಅವನ ಕುಡಿ ದುಡಿಯಿತಲ್ಲ ಎಂದು ಮೂರನೆಯವರು ಮೂಗು ಮುರಿಯುತ್ತಾರೆ. 2015ರಲ್ಲಿ ಟಿಪ್ಪು ಜಯಂತಿ ಸರ್ಕಾರಿ ಕಾರ್ಯಕ್ರಮವಾಗಿ, 2019ರಲ್ಲಿ ರದ್ದಾದ ರಾಜ್ಯದಲ್ಲಿ ಇದು ಅನಿರೀಕ್ಷಿತವೇನೂ ಅಲ್ಲ. ಆದರೆ ಆ ಪುಸ್ತಕ ನಮ್ಮ ಮುಂದಿಡುವ ದೊಡ್ಡ ಪ್ರಶ್ನೆ ವಂಶದ್ದಲ್ಲ. ಆಕೆಯನ್ನು ಕಳಿಸಿದ ಕಚೇರಿ ತನ್ನ ಕೆಲಸ ಮಾಡಿತೇ ಎಂಬುದು ಆ ಪ್ರಶ್ನೆ. ಹೊಗಳುವವರೂ ತೆಗಳುವವರೂ ಸೇರಿ ಅದನ್ನು ಮರೆಸಿಬಿಟ್ಟಿದ್ದಾರೆ.

ವಂಶದ ಎಳೆ ಎಷ್ಟು ತೆಳು ಎಂಬುದನ್ನೂ ನೋಡಿಬಿಡೋಣ. ನೂರ್ ಹುಟ್ಟಿದ್ದು 1914ರ ಜನವರಿ 1ರಂದು ಮಾಸ್ಕೋದಲ್ಲಿ, ಬೆಳೆದದ್ದು ಪ್ಯಾರಿಸ್ ಪಕ್ಕದ ಸ್ಯುರೆನ್‌ನಲ್ಲಿ. ತಂದೆ ಇನಾಯತ್ ಖಾನ್ ಬರೋಡದ ಸಂಗೀತಗಾರ, ಸೂಫಿ ಗುರು. ತಾಯಿ ಅಮೆರಿಕದವರು. ಟಿಪ್ಪುವಿನ ನಂಟು ಬರುವುದು ತಂದೆಯ ತಾಯಿಯ ತಾಯಿಯ ಕಡೆಯಿಂದ. ಆ ಅಜ್ಜಿಯ ಗಂಡ ಮೌಲಾ ಬಕ್ಷ್ ಕರ್ನಾಟಕ ಸಂಗೀತವನ್ನೂ ಕಲಿತು ಮೈಸೂರು ಅರಮನೆಯಲ್ಲಿ ಮರ್ಯಾದೆ ಪಡೆದ ವಿದ್ವಾಂಸರು. ವೀಣೆ ನುಡಿಸುತ್ತಿದ್ದ, ಮಕ್ಕಳಿಗಾಗಿ ಜಾತಕ ಕಥೆಗಳನ್ನು ಬರೆದು 1939ರಲ್ಲಿ ಪ್ರಕಟಿಸಿದ ನೂರ್‌ಗೆ ಮೈಸೂರಿನಿಂದ ಏನಾದರೂ ಬಂದಿದ್ದರೆ ಅದು ಕತ್ತಿಗಿಂತ ಹೆಚ್ಚಾಗಿ ಸಂಗೀತದಿಂದ ಬಂದಿರಬೇಕು. ಇನ್ನು ಯಾರ ಪಕ್ಷ ಎಂಬ ಮಾತು. ಅಜ್ಜಂಪುರದ ಸುತ್ತಮುತ್ತಲಿನವರಿಗಾದರೂ ಅದು ಇಷ್ಟು ಸಲೀಸಾಗಿ ಕಾಣಬಾರದು. ಮೈಸೂರು ಒಡೆಯರು ಬೆಣ್ಣೆ ಚಾವಡಿ ಎಂದು ಕಟ್ಟಿದ ರಾಸುಗಳ ಇಲಾಖೆಗೆ ಅಮೃತ್ ಮಹಲ್ ಎಂದು ಹೆಸರಿಟ್ಟವನು ಟಿಪ್ಪು. 1799ರಲ್ಲಿ ಅವನು ಬಿದ್ದ ಮೇಲೆ ಅದೇ ತಳಿಯ ಎತ್ತುಗಳು ಬ್ರಿಟಿಷರ ತೋಪು ಎಳೆದವು. ಇವತ್ತು ಆ ತಳಿಯ ಸರ್ಕಾರಿ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಒಡೆಯರು, ಟಿಪ್ಪು, ಕಂಪನಿ ಮೂರೂ ಒಂದೇ ಕಾವಲಿನ ಚರಿತ್ರೆಯಲ್ಲಿ ಹೆಣೆದುಕೊಂಡಿರುವ ಸೀಮೆ ಇದು. ನೂರ್ ಬಗ್ಗೆ ಹೇಳುವುದಾದರೆ, ನಾಜಿಗಳ ವಿರುದ್ಧದ ಯುದ್ಧ ಮುಗಿದ ಮೇಲೆ ಭಾರತದ ಸ್ವಾತಂತ್ರ್ಯದ ಪರ ನಿಲ್ಲುವೆನೆಂದು ಸೇನೆಯ ಸಂದರ್ಶನದಲ್ಲೇ ಹೇಳಿದ್ದಳೆಂದು ಜೀವನಚರಿತ್ರೆಕಾರರು ದಾಖಲಿಸಿದ್ದಾರೆ. ಗುಲಾಮಗಿರಿಯ ಆರೋಪಕ್ಕೆ ಇಷ್ಟು ಉತ್ತರ ಸಾಲದೇ?

ಆಕೆಯ ಕೆಲಸ ಏನಾಗಿತ್ತು ಎಂಬಲ್ಲಿ ಸ್ವಲ್ಪ ನಿಲ್ಲಬೇಕು. 1943ರ ಜೂನ್ 16ರ ರಾತ್ರಿ ಲೈಸಾಂಡರ್ ಎಂಬ ಪುಟ್ಟ ವಿಮಾನ ಆಕೆಯನ್ನು ಫ್ರಾನ್ಸಿನ ಹೊಲವೊಂದರಲ್ಲಿ ಇಳಿಸಿತು. ಇಳಿಸಿಕೊಳ್ಳುವ ವ್ಯವಸ್ಥೆ ಮಾಡಿದ್ದ ಆನ್ರಿ ಡೆರಿಕೂರ್ ಎಂಬವನು ಆಗಲೇ ಜರ್ಮನ್ ಭದ್ರತಾ ಪೊಲೀಸರ ಸಂಪರ್ಕದಲ್ಲಿದ್ದ. ಕೆಲವೇ ದಿನಗಳಲ್ಲಿ ಎಸ್‌ಒಇಯ ‘ಪ್ರಾಸ್ಪರ್’ ಎಂಬ ಗುಪ್ತಜಾಲದ ಮುಖಂಡರು ಒಬ್ಬೊಬ್ಬರಾಗಿ ಸಿಕ್ಕಿಬಿದ್ದರು. ವಾಪಸ್ ಬಾ ಎಂದು ಲಂಡನ್ ಹೇಳಿತು. ಪ್ಯಾರಿಸ್ಸಿನಲ್ಲಿ ಬೇರೆ ಆಪರೇಟರ್ ಉಳಿದಿಲ್ಲ ಎಂದು ಆಕೆ ನಿಂತಳು. ಹದಿನೈದು ಕಿಲೊದಷ್ಟು ಭಾರದ ಸೆಟ್ಟನ್ನು ಸೂಟ್‌ಕೇಸಿನಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ಓಡಾಡಬೇಕು, ಏರಿಯಲ್ ತಂತಿಯನ್ನು ಕಿಟಕಿಯಾಚೆ ಯಾರ ಕಣ್ಣಿಗೂ ಬೀಳದಂತೆ ಹಾಯಿಸಬೇಕು, ಸಿಗ್ನಲ್ ಹೊರಟ ಜಾಗ ಹುಡುಕುತ್ತ ಸುತ್ತುವ ವ್ಯಾನುಗಳು ಬರುವ ಮುನ್ನ ಮೋರ್ಸ್ ಕುಟ್ಟಿ ಮುಗಿಸಿ ಗಂಟು ಕಟ್ಟಬೇಕು. ಹೀಗೆ ಅಕ್ಟೋಬರ್ ನಡುವಿನವರೆಗೆ ಆಕೆ ಕಣ್ತಪ್ಪಿಸಿಕೊಂಡಳು. ಸಿಕ್ಕಿದಾಗ ಕೋಣೆಯಲ್ಲಿ ಒಂದು ನೋಟ್‌ಪುಸ್ತಕವೂ ಸಿಕ್ಕಿತು. ಕಳಿಸಿದ, ಬಂದ ಸಂದೇಶಗಳನ್ನೆಲ್ಲ ಸಂಕೇತದಲ್ಲೂ ಬಿಡಿಸಿದ ರೂಪದಲ್ಲೂ ಆಕೆ ಅದರಲ್ಲಿ ಬರೆದಿಟ್ಟಿದ್ದಳು. ವಿಚಾರಣೆಯಲ್ಲಿ ಆಕೆ ಬಾಯಿ ಬಿಡಲಿಲ್ಲ. ಪುಸ್ತಕ ಬಾಯಿ ಬಿಟ್ಟಿತು. ಅದನ್ನು ಎದುರಿಗಿಟ್ಟುಕೊಂಡು ಜರ್ಮನರು ಆಕೆಯದೇ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು.

ಓದುಗರು ಎರಡು ಗುಂಪಾಗುವುದು ಇಲ್ಲಿ. ಒಂದು ಗುಂಪು ಆಕೆಯನ್ನು ದೇವತೆ ಮಾಡಿ ನೋಟ್‌ಪುಸ್ತಕದ ಪುಟಗಳನ್ನು ಬೇಗ ಬೇಗ ದಾಟುತ್ತದೆ. 2019ರ ‘ಎ ಕಾಲ್ ಟು ಸ್ಪೈ’ ಸಿನಿಮಾದಲ್ಲಿ ರಾಧಿಕಾ ಆಪ್ಟೆಯ ನೂರ್‌ಳನ್ನು ನೋಡಿ ಬಂದವರಿಗೆ ಇದು ಇನ್ನೂ ಸುಲಭ. ಇನ್ನೊಂದು ಗುಂಪು ಆ ಪುಸ್ತಕವೊಂದನ್ನೇ ಹಿಡಿದು, ಇಷ್ಟು ಮುಗ್ಧೆಗೆ ಬೇಹುಗಾರಿಕೆ ಯಾಕೆ ಬೇಕಿತ್ತು, ಆಕೆಯಿಂದಾಗಿ ಇತರರೂ ಸತ್ತರು ಎಂದು ತೀರ್ಪು ಕೊಡುತ್ತದೆ. ಎರಡನೆಯ ಗುಂಪಿನ ಕೈಯಲ್ಲಿ ದಾಖಲೆಯಿದೆ ಎಂಬುದನ್ನು ಒಪ್ಪಲೇಬೇಕು. ಆದರೆ ಅದೇ ದಾಖಲೆಯನ್ನು ಪೂರ್ತಿ ಓದಿದರೆ ಬೆರಳು ಬೇರೆ ಕಡೆ ತಿರುಗುತ್ತದೆ. ಈಕೆ ಈ ಕೆಲಸಕ್ಕೆ ಒಗ್ಗುವವಳಲ್ಲ ಎಂದು ತರಬೇತಿ ಕೊಟ್ಟ ಅಧಿಕಾರಿಯೇ ಬರೆದಿದ್ದ. ಫ್ರಾನ್ಸ್ ವಿಭಾಗದ ಮುಖ್ಯಸ್ಥ ಮಾರಿಸ್ ಬಕ್‌ಮಾಸ್ಟರ್ ಅದನ್ನು ತಳ್ಳಿಹಾಕಿದ. ಆಪರೇಟರ್‌ಗಳ ಕೊರತೆಯಿಂದ ತರಬೇತಿ ಪೂರ್ತಿಯಾಗುವ ಮೊದಲೇ ಆಕೆಯನ್ನು ಕಳಿಸಲಾಯಿತು. ಸಂದೇಶಗಳ ‘ಫೈಲಿಂಗ್’ ಬಗ್ಗೆ ಬಹಳ ಎಚ್ಚರವಿರಲಿ ಎಂದು ಆಕೆಗೆ ಕೊಟ್ಟ ಲಿಖಿತ ಆದೇಶದಲ್ಲಿತ್ತು. ಕಡತ ಇಟ್ಟುಕೋ ಎಂದು ಆಕೆ ತಿಳಿದಿರಬೇಕು ಎಂಬುದು ಇತಿಹಾಸಕಾರರ ಊಹೆ. ಹಾಗಿದ್ದರೆ ಆ ನೋಟ್‌ಪುಸ್ತಕ ವಿಧೇಯತೆಯ ಫಲ.

ಆಮೇಲೆ ನಡೆದದ್ದಕ್ಕೆ ನೂರ್ ಹೊಣೆ ಎನ್ನಲು ಸಾಧ್ಯವೇ ಇಲ್ಲ. ‘ಮ್ಯಾಡಲೀನ್’ಗೆ, ಅಂದರೆ ನೂರ್‌ಗೆ, ಅಪಘಾತವಾಗಿ ಆಸ್ಪತ್ರೆ ಸೇರಿದ್ದಾಳೆ ಎಂಬ ಒಳಮಾತಿನ ಎಚ್ಚರಿಕೆಯನ್ನು ಸೋನಿಯಾ ಓಲ್ಶಾನೆಸ್ಕಿ ಎಂಬ ಸ್ಥಳೀಯ ಕಾರ್ಯಕರ್ತೆ ಅದೇ ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಮೂಲಕ ಲಂಡನ್ನಿಗೆ ಮುಟ್ಟಿಸಿದ್ದಳು. ಅವಳ ಪರಿಚಯ ಕಚೇರಿಗೆ ಇರಲಿಲ್ಲ, ಎಚ್ಚರಿಕೆ ಮೂಲೆ ಸೇರಿತು. ಸಿಕ್ಕಿಬಿದ್ದರೆ ತಿಳಿಸಲು ತಾನೂ ನೂರ್‌ಳೂ ಗೊತ್ತುಮಾಡಿಕೊಂಡಿದ್ದ ಗುಟ್ಟಿನ ಸುಳಿವು ಬಂದಿತ್ತು, ಬಕ್‌ಮಾಸ್ಟರ್ ನಂಬಲಿಲ್ಲ ಎಂದು ಸಂಕೇತ ವಿಭಾಗದ ಲಿಯೊ ಮಾರ್ಕ್ಸ್ 1998ರಲ್ಲಿ ಬರೆದ. 1944ರ ಫೆಬ್ರುವರಿ ಕೊನೆಯಲ್ಲಿ ಅದೇ ನಕಲಿ ರೇಡಿಯೊ ಗೊತ್ತುಮಾಡಿದ ಜಾಗಕ್ಕೆ ಲಂಡನ್ ಮೂವರನ್ನು ಪ್ಯಾರಾಚೂಟ್‌ನಲ್ಲಿ ಇಳಿಸಿತು. ಕೆಳಗೆ ಕಾಯುತ್ತಿದ್ದವರು ಜರ್ಮನರು. ಇಳಿದವರಲ್ಲಿ ಒಬ್ಬಳು ಮ್ಯಾಡಲೀನ್ ಡ್ಯಾಮರ್ಮಾ. ಆರೇಳು ತಿಂಗಳ ನಂತರ ಡಾಕಾವ್‌ನಲ್ಲಿ ನೂರ್ ಜತೆಗೇ ಪ್ರಾಣ ಬಿಟ್ಟ ಮೂವರು ಹೆಂಗಸರಲ್ಲಿ ಅವಳೂ ಒಬ್ಬಳು. 1949ರಲ್ಲಿ ನೂರ್‌ಗೆ ಜಾರ್ಜ್ ಕ್ರಾಸ್ ಕೊಟ್ಟಾಗ, ಆಕೆಯ ಸಂಕೇತಗಳು ಜರ್ಮನರ ಕೈಸೇರಿದ್ದವೆಂದು ಪ್ರಶಸ್ತಿಪತ್ರ ಒಪ್ಪಿಕೊಂಡಿತು. ಲಂಡನ್ ಮೋಸಹೋಯಿತು ಎಂದು ಒಪ್ಪಿಕೊಳ್ಳಲಿಲ್ಲ.

ಈ ಅರ್ಧ ಮೌನವನ್ನು ಗುರುತಿಸಲು ಕಡೂರು, ತರೀಕೆರೆಯ ಓದುಗರು ದೂರ ಹೋಗಬೇಕಿಲ್ಲ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಆರನೇ ಸಂಪುಟ, ಆಗಿನ ಕಡೂರು ಜಿಲ್ಲೆಯದು, 1901ರಲ್ಲಿ ಬಂತು. ತುರುಗಾಳಗದಲ್ಲಿ, ಊರಳಿವಿನಲ್ಲಿ ಸತ್ತವರ ವೀರಗಲ್ಲುಗಳು ಈ ಸೀಮೆಯಲ್ಲಿ ಬೇಕಾದಷ್ಟಿವೆ. ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗದ ಮುಂದೆ ವೀರ, ಇದು ನಾವು ನಿಂತು ನೋಡುವ ಚಿತ್ರ. ಪಟ್ಟಿಕೆಯ ಮೇಲಿನ ಬರಹ ಓದಿದರೆ ಇನ್ನೊಂದು ಲೆಕ್ಕ ಸಿಗುತ್ತದೆ: ಯಾರ ಆಳ್ವಿಕೆ, ಯಾರು ಕಾದು ಎಂದರು, ಸತ್ತ ಮೇಲೆ ಮನೆಯವರಿಗೆ ಎಷ್ಟು ನೆಲ ನೆತ್ತರುಗೊಡಗೆಯಾಗಿ ಬಿಟ್ಟರು. ಎಲ್ಲ ಕಲ್ಲುಗಳಲ್ಲೂ ಇಷ್ಟೂ ಇರುವುದಿಲ್ಲ, ಇರುವಲ್ಲಿ ವೀರನ ಜತೆ ಒಡೆಯನೂ ಕಲ್ಲಿನ ಮೇಲೆ ಸಿಕ್ಕಿಕೊಳ್ಳುತ್ತಾನೆ. ಜೀವನಚರಿತ್ರೆಯಿಂದ ಅದಕ್ಕಿಂತ ಕಡಿಮೆ ಕೇಳುವುದು ನಮ್ಮದೇ ಹಳೆಯ ಪದ್ಧತಿಗಿಂತ ಹಿಂದೆ ಬಿದ್ದಂತೆ.

ಇದೆಲ್ಲ ಎಲ್ಲ ಮುಗಿದ ಮೇಲೆ ಕೂತು ಹೇಳುವ ಬುದ್ಧಿವಂತಿಕೆ ಎಂಬ ಆಕ್ಷೇಪ ಬರುತ್ತದೆ. ಯುದ್ಧದ ಗಡಿಬಿಡಿಯಲ್ಲಿ ಯಾವ ಸಂದೇಶ ನಿಜ, ಯಾವುದು ಸುಳ್ಳು ಎಂದು ತೀರ್ಮಾನಿಸುವುದು ಕಷ್ಟ, ನಿಜ. ಸೋನಿಯಾಳ ಎಚ್ಚರಿಕೆಯೊಂದೇ ಆಗಿದ್ದರೆ ಈ ವಾದಕ್ಕೆ ನಾನೂ ತಲೆಬಾಗುತ್ತಿದ್ದೆ. ಆದರೆ ಅನುಮಾನ ಬಂದಾಗ ಬಳಸಲೆಂದೇ ಆ ಕಚೇರಿ ಸುರಕ್ಷತಾ ಗುರುತುಗಳನ್ನು ಏರ್ಪಡಿಸಿತ್ತು. ತಾನೇ ಇಟ್ಟ ಗುರುತನ್ನು ತಾನೇ ನಂಬದಿರುವುದಕ್ಕೆ ಗಡಿಬಿಡಿ ಎಂಬ ಸಮಜಾಯಿಷಿ ಸಾಲದು. ಮೇಲಾಗಿ ಈ ಪ್ರಶ್ನೆಯನ್ನು ಇವತ್ತಿನವರು ಹುಟ್ಟಿಸಿದ್ದೂ ಅಲ್ಲ. ನೂರ್‌ಳ ಗೆಳತಿ ಜೀನ್ ಓವರ್ಟನ್ ಫುಲ್ಲರ್ ಗೆಳತಿಯ ನೆನಪಿಗೆಂದು ‘ಮ್ಯಾಡಲೀನ್’ ಬರೆದದ್ದು 1952ರಲ್ಲಿ. ಬರೆಯುವಾಗ ಕಂಡ ಸಂಶಯಗಳ ಬೆನ್ನು ಹತ್ತಿ, ಜರ್ಮನ್ ವಿಚಾರಣಾಧಿಕಾರಿಗಳನ್ನೇ ಹುಡುಕಿ ಮಾತಾಡಿಸಿ, ಮುಂದೆ ಇನ್ನೂ ಪುಸ್ತಕಗಳನ್ನು ಬರೆದರು. ಸಂಸದೆ ಐರೀನ್ ವಾರ್ಡ್ ಪಾರ್ಲಿಮೆಂಟಿನಲ್ಲಿ ಬಿಡದೆ ಕೇಳಿದರು. ಕೊನೆಗೆ 1966ರಲ್ಲಿ ಎಂ.ಆರ್.ಡಿ. ಫುಟ್ ಬರೆದ ಅಧಿಕೃತ ಇತಿಹಾಸ ಹೊರಬಂತು. ವಂಶಾವಳಿ ದಾಟಿ ಓದಿದವರು ಸರ್ಕಾರದ ಬಾಯಿಂದ ಅಷ್ಟನ್ನಾದರೂ ಹೊರಡಿಸಿದರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಎಲ್ಲ ತಪ್ಪನ್ನೂ ಕಚೇರಿಯ ತಲೆಗೆ ಕಟ್ಟಿದರೆ ನೂರ್ ಬರೀ ಬಲಿಪಶುವಾಗುವುದಿಲ್ಲವೇ, ಆಕೆಯ ಸ್ವಂತ ನಿರ್ಧಾರಕ್ಕೆ ಬೆಲೆ ಎಲ್ಲಿ ಎನ್ನುತ್ತಾರೆ. ಬೆಲೆ ಇದ್ದೇ ಇದೆ. ವಾಪಸ್ ಬರಲೊಲ್ಲೆ ಎಂದದ್ದು ಆಕೆ, ಸಿಕ್ಕಿಬಿದ್ದ ಮೇಲೆ ಎರಡು ಬಾರಿ ತಪ್ಪಿಸಿಕೊಳ್ಳಲು ನೋಡಿದ್ದು ಆಕೆ, ಫೋರ್ಜ್‌ಹೈಮ್ ಜೈಲಿನಲ್ಲಿ ತಿಂಗಳುಗಟ್ಟಲೆ ಕೈಕಾಲಿಗೆ ಸಂಕೋಲೆ ಬಿದ್ದಿದ್ದರೂ ಏನನ್ನೂ ಹೇಳದಿದ್ದದ್ದು ಆಕೆ. ಆದರೆ ಅಕ್ಟೋಬರಿನಿಂದ ಫೆಬ್ರುವರಿಯವರೆಗೆ ಆ ಸುಳ್ಳು ಸಂದೇಶಗಳಿಗೆ ಉತ್ತರ ಬರೆದವರು ಲಂಡನ್ನಿನ ಅಧಿಕಾರಿಗಳು, ಅದರಲ್ಲಿ ಆಕೆಯ ನಿರ್ಧಾರ ಯಾವುದೂ ಇರಲಿಲ್ಲ. ಫುಲ್ಲರ್ ಪುಸ್ತಕ ಬಂದ 1952ರಲ್ಲೇ ಬಕ್‌ಮಾಸ್ಟರ್ ಕೂಡ ತನ್ನ ಯುದ್ಧದ ನೆನಪುಗಳನ್ನು ಪ್ರಕಟಿಸಿದ. ನೂರ್ ಬಗ್ಗೆ ಅಭಿಪ್ರಾಯ ಹೇಳುವವರು ಬಸು ಅವರ ಪುಸ್ತಕದ ಜತೆ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಲಿ.