ಕಟ್ಟೆಯಿಂದ ಕಾನೂನು ಕಾಲೇಜಿಗೆ

ಕಾನೂನು ಓದಲು ಹೊರಟವರಿಗೆ ಚಾಮರಾಜನಗರ, ಗುಂಡ್ಲುಪೇಟೆಗಳ ಕಡೆ ದೊರೆಯುವ ಮೊದಲ ಉಪದೇಶ ಒಂದೇ: “ಮೊದ್ಲು ಇಂಗ್ಲಿಷ್ ಕಲ್ತ್ಕೊ ಮಗ, ಮಿಕ್ಕದ್ದು ತಾನಾಗೇ ಬತ್ತದ.” ಹಿರಿಯರು ಈ ಮಾತನ್ನು ಅಕ್ಕರೆಯಿಂದಲೇ ಆಡುತ್ತಾರೆ. ಅದರ ಪೂರ್ವಾರ್ಧಕ್ಕೆ ನನ್ನ ಒಪ್ಪಿಗೆಯಿದೆ. ಉತ್ತರಾರ್ಧವನ್ನು ಮಾತ್ರ ನಾನು ಒಪ್ಪಲಾರೆ. ಮಿಕ್ಕದ್ದು ತಾನಾಗಿ ಬರುವುದಿಲ್ಲ. ಅಷ್ಟೇ ಅಲ್ಲ, ಊರಿನಿಂದ ಬರುವಾಗ ವಿದ್ಯಾರ್ಥಿಯು ಹೊತ್ತು ತಂದ ತಿಳಿವಳಿಕೆಯೂ ಮೊದಲ ವರ್ಷದಲ್ಲಿಯೇ ಅವನ ಕೈಬಿಟ್ಟು ಹೋಗುವ ಭಯವುಂಟು.

ಪಿ.ಯು.ಸಿ. ಮುಗಿಸಿ ಐದು ವರ್ಷದ ವ್ಯಾಸಂಗಕ್ಕೆ, ಇಲ್ಲವೆ ಪದವಿ ಮುಗಿಸಿ ಮೂರು ವರ್ಷದ ವ್ಯಾಸಂಗಕ್ಕೆ ಸೇರುವ ಈ ಸೀಮೆಯ ಮಕ್ಕಳಲ್ಲಿ ಅನೇಕರಿಗೆ ಸುಮಾರು 60 ಕಿಲೋಮೀಟರು ದೂರದ ಮೈಸೂರೇ ವಿದ್ಯಾಕ್ಷೇತ್ರ. ಅಲ್ಲಿ ಸಂವಿಧಾನ, 1872ರ ಕರಾರು ಕಾಯಿದೆ, ಉಚ್ಚರಿಸಲು ನಾಲಗೆ ತೊಡರುವ ಲ್ಯಾಟಿನ್ ಸೂತ್ರಗಳು ಅವರನ್ನು ಎದುರುಗೊಳ್ಳುತ್ತವೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಕೊಲೆಗೆ 302, ವಂಚನೆಗೆ 420 ಎಂದು ಊರಿಗೆಲ್ಲ ಬಾಯಿಪಾಠವಾಗಿದ್ದ ಸಂಖ್ಯೆಗಳೂ ಬದಲಾಗಿವೆ. ಈ ಒಂದು ವಿಷಯದಲ್ಲಿ ಮೊದಲ ವರ್ಷದ ಹುಡುಗನೂ ಮೂವತ್ತು ವರ್ಷ ವಕೀಲಿ ಮಾಡಿದ ಹಿರಿಯರೂ ಸಹಪಾಠಿಗಳೇ ಸರಿ.

ಇಷ್ಟೆಲ್ಲದರ ನಡುವೆ ಹಳ್ಳಿಯಿಂದ ಬಂದ ಹುಡುಗನೋ ಹುಡುಗಿಯೋ ತನಗೆ ಏನೂ ತಿಳಿಯದೆಂದು ಹಿಂದಿನ ಬೆಂಚಿನಲ್ಲಿ ಕುಗ್ಗಿ ಕುಳಿತುಕೊಳ್ಳುವುದುಂಟು. ಇದು ನಿಜವೇ? ಒಂದು ಉದಾಹರಣೆಯನ್ನು ನೋಡೋಣ. 1882ರ ಆಸ್ತಿ ವರ್ಗಾವಣೆ ಕಾಯಿದೆಯಲ್ಲಿ ‘ಯೂಸುಫ್ರಕ್ಚುವರಿ ಮಾರ್ಟ್‌ಗೇಜ್’ ಎಂಬ ಮಾತು ಬರುತ್ತದೆ. ಪರೀಕ್ಷೆಗೆ ಇದನ್ನು ಉರು ಹೊಡೆಯುವವರು ಬಹಳ. ಆದರೆ ಇದು ನಮ್ಮ ಭೋಗ್ಯವಲ್ಲದೆ ಬೇರೇನು? ಮಗಳ ಮದುವೆಗೆಂದು ಎರಡು ಎಕರೆ ಹೊಲವನ್ನು ಭೋಗ್ಯಕ್ಕೆ ಹಾಕಿ, ಸಾಲ ಕೊಟ್ಟವನು ಬಡ್ಡಿಯ ಬದಲು ಫಸಲು ಉಣ್ಣುವುದನ್ನು ವರ್ಷ ವರ್ಷವೂ ಬದುವಿನ ಮೇಲೆ ನಿಂತು ನೋಡಿದ ಮನೆಯ ಮಗುವಿಗೆ ಆ ಕಲಮಿನ ಅರ್ಥ ಮಾತ್ರವಲ್ಲ, ಅದರ ನೋವೂ ತಿಳಿದಿದೆ. ಪಹಣಿ, ಖಾತೆ, ಪೋಡಿ, ಹದ್ದುಬಸ್ತು, ತಡೆಯಾಜ್ಞೆ, ಜಾಮೀನು ಇವೆಲ್ಲ ಜಗಲಿಯ ಮೇಲೆ ಕಲಿತ ಶಬ್ದಗಳು. ಕಾಲೇಜು ಇವನ್ನು ಕೇಳುವುದಿಲ್ಲ, ವಿದ್ಯಾರ್ಥಿ ಹೇಳುವುದಿಲ್ಲ.

ಶಬ್ದಗಳ ಮಾತು ಹಾಗಿರಲಿ. ಊರಿನ ನ್ಯಾಯಪ್ರಜ್ಞೆಯೂ ಪಾಠದ ಒಂದು ಭಾಗವಾಗಬೇಕೆಂಬುದು ನನ್ನ ಮತ. ಕರಾರು ಕಾಯಿದೆಯ ಆರಂಭದಲ್ಲಿಯೇ ಎಲ್ಲರೂ ಓದುವ ಒಂದು ಮೊಕದ್ದಮೆ 1913ರಲ್ಲಿ ಅಲಹಾಬಾದ್ ಹೈಕೋರ್ಟು ತೀರ್ಮಾನಿಸಿದ ಲಾಲ್‌ಮನ್ ಶುಕ್ಲಾ ಪ್ರಕರಣ. ಯಜಮಾನನ ಸೋದರಳಿಯ ಮನೆ ಬಿಟ್ಟು ಹೋದ. ಹುಡುಕಲು ನೌಕರನನ್ನು ಕಳುಹಿಸಿದರು. ಅವನು ಹೋದ ಮೇಲೆ, ಹುಡುಕಿ ಕೊಟ್ಟವರಿಗೆ 501 ರೂಪಾಯಿ ಬಹುಮಾನವೆಂದು ಯಜಮಾನ ಪ್ರಕಟಿಸಿದ. ನೌಕರ ಹುಡುಗನನ್ನು ಪತ್ತೆ ಮಾಡಿದ. ಬಹುಮಾನದ ಸಂಗತಿ ತಿಳಿದುದು ಆಮೇಲೆ. ಹಣ ಕೇಳಿದರೆ ನ್ಯಾಯಾಲಯವು ಇಲ್ಲವೆಂದಿತು: ಪ್ರಸ್ತಾಪವನ್ನೇ ಅರಿಯದವನು ಅದನ್ನು ಒಪ್ಪಿದನೆನ್ನುವುದು ಹೇಗೆ? ಈ ಕಥೆಯನ್ನು ಗುಂಡ್ಲುಪೇಟೆಯ ಯಾವುದಾದರೊಂದು ಹಳ್ಳಿಯ ಅರಳಿಕಟ್ಟೆಯ ಮೇಲೆ ಹೇಳಿ ನೋಡಿ. ಕೊಡಬೇಕಾದ ಹಣ ಕೊಡಲೇಬೇಕು ಎನ್ನುವವರೇ ಹೆಚ್ಚಾಗಿರುವರೆಂದು ನನ್ನ ಊಹೆ. ಕಟ್ಟೆ ಹೇಳಿದ್ದೂ ಕೋರ್ಟು ಹೇಳಿದ್ದೂ ಬೇರೆಯೇಕೆ ಎಂಬ ಪ್ರಶ್ನೆ ಎದ್ದ ಗಳಿಗೆಯಲ್ಲಿಯೇ ಕಾನೂನಿನ ವಿದ್ಯಾಭ್ಯಾಸ ಆರಂಭವಾಗುತ್ತದೆ. ಆ ಪ್ರಶ್ನೆಯನ್ನು ಮನೆಯಲ್ಲಿ ಬಿಟ್ಟು ಬಾ ಎಂದರೆ ಉಳಿಯುವುದು ಕಂಠಪಾಠ ಮಾತ್ರ.

ಕಟ್ಟೆಯ ಮಾತಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲವೆಂದು ಯಾರಾದರೂ ಹೇಳಿದರೆ, ಚಾಮರಾಜನಗರ ಜಿಲ್ಲೆಯಲ್ಲಿಯೇ ಅದಕ್ಕೆ ಉತ್ತರವಿದೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ನಿಯಮಗಳು, ಹಕ್ಕುದಾರರಲ್ಲದ ಹಿರಿಯರು ಹೇಳಿ ಬರೆಸಿದ ಮಾತನ್ನೂ ಪುರಾವೆಯೆಂದು ಸ್ವೀಕರಿಸುತ್ತವೆ. ಬಿಳಿಗಿರಿರಂಗನ ಬೆಟ್ಟದ ಕಾಡು ಹುಲಿ ರಕ್ಷಿತಾರಣ್ಯವೆಂದು ಘೋಷಿತವಾದ 2011ರಲ್ಲಿಯೇ ಅಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯದ ಅರಣ್ಯ ಹಕ್ಕು ದೊರೆಯಿತು. ಇದನ್ನು ಓದಲು ವಿದ್ಯಾರ್ಥಿಯು ದೂರದ ಗ್ರಂಥಭಂಡಾರವನ್ನು ಅರಸಬೇಕಾಗಿಲ್ಲ. ಯಳಂದೂರಿನಿಂದ ಬೆಟ್ಟ ಹತ್ತಿದರೆ ಸಾಕು.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಸಂವಿಧಾನದ 348ನೆಯ ವಿಧಿಯ ಮೇರೆಗೆ ಹೈಕೋರ್ಟು, ಸುಪ್ರೀಂ ಕೋರ್ಟುಗಳ ಭಾಷೆ ಇಂಗ್ಲಿಷು. ಕನ್ನಡವನ್ನು ನೆಚ್ಚಿದವನು ತಾಲ್ಲೂಕು ಕೋರ್ಟಿನಲ್ಲಿಯೇ ಉಳಿದುಬಿಡುವುದಿಲ್ಲವೆ? ಆಕ್ಷೇಪಣೆ ಹಗುರವಾದುದಲ್ಲ. 2024ರ ಡಿಸೆಂಬರಿನಲ್ಲಿ ನಮ್ಮ ಹೈಕೋರ್ಟಿನ ಒಂದು ವಿಭಾಗೀಯ ಪೀಠವು ಕನ್ನಡದಲ್ಲಿ ತೀರ್ಪು ನೀಡಿದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಸುದ್ದಿಯಾಯಿತೆಂಬುದೇ ಅದೆಷ್ಟು ಅಪರೂಪವೆಂಬುದಕ್ಕೆ ಸಾಕ್ಷಿ. ಆದುದರಿಂದ ಇಂಗ್ಲಿಷು ಬೇಡವೆಂದು ನಾನು ಹೇಳುತ್ತಿಲ್ಲ. ಅದನ್ನು ಚೆನ್ನಾಗಿ, ಬೆವರು ಸುರಿಸಿಯೇ ಕಲಿಯಬೇಕು. ಆದರೆ ವಕೀಲನ ಕಸುಬು ಏನೆಂಬುದನ್ನು ಯೋಚಿಸಬೇಕು. ಕಕ್ಷಿಗಾರನು ತನ್ನ ಮಾತಿನಲ್ಲಿ ಹೇಳಿದ ಕಷ್ಟವನ್ನು ಕಾನೂನಿನ ಮಾತಿಗೆ ತರುವುದು, ಕಾನೂನು ಕೊಟ್ಟ ಉತ್ತರವನ್ನು ಮತ್ತೆ ಅವನ ಮಾತಿನಲ್ಲಿ ಅವನಿಗೆ ಮುಟ್ಟಿಸುವುದು—ಈ ಎರಡು ದಾರಿಯ ನಡಿಗೆಯೇ ಆ ಕಸುಬು. ಒಂದೇ ದಾರಿ ಬಲ್ಲವನು ಅರ್ಧ ವಕೀಲ.

ಹಾಗಾದರೆ ಮೊದಲ ವರ್ಷದಲ್ಲಿ ಮಾಡಬೇಕಾದುದೇನು? 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪಿತವಾದ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಪರೀಕ್ಷೆಗಳಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಎಡೆ ದೊರೆತಿದೆ. ಪರೀಕ್ಷೆಯಲ್ಲಿ ದೊರೆತ ಎಡೆ ತರಗತಿಯಲ್ಲಿಯೂ ದೊರೆಯಬೇಕು. ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಓದಿದ ಪ್ರತಿಯೊಂದು ತೀರ್ಪನ್ನೂ ಒಂದು ಪುಟ ಕನ್ನಡದಲ್ಲಿ ಬರೆಯಲಿ; ರಜಕ್ಕೆ ಊರಿಗೆ ಹೋದಾಗ ಮನೆಯವರಿಗೆ ಓದಿ ಹೇಳಲಿ. ಅವರು ತಲೆದೂಗಿದರೆ ಅವನಿಗೆ ವಿಷಯ ತಿಳಿದಿದೆ, “ಅಂಗಂದ್ರೇನ?” ಎಂದು ಕೇಳಿದರೆ ಮತ್ತೊಮ್ಮೆ ಓದಬೇಕು. ಇದಕ್ಕಿಂತ ಕಠಿಣವಾದ ಪರೀಕ್ಷೆಯನ್ನು ಯಾವ ವಿಶ್ವವಿದ್ಯಾಲಯವೂ ನಡೆಸಲಾರದು. ಗುಂಡ್ಲುಪೇಟೆಯ ಕೋರ್ಟಿನಲ್ಲಿಯೋ ಚಾಮರಾಜನಗರದ ಜಿಲ್ಲಾ ನ್ಯಾಯಾಲಯದಲ್ಲಿಯೋ ಒಂದು ದಿನ ಹಿಂದೆ ಕುಳಿತು, ಸಾಕ್ಷಿಯು ಆಡಿದ ಮಾತು ಯಾವುದು, ಬರಹಕ್ಕೆ ಇಳಿದದ್ದು ಯಾವುದು ಎಂದು ಗಮನಿಸಲಿ.

“ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಎಂಬ ಗಾದೆ ಸುಮ್ಮನೆ ಹುಟ್ಟಿದುದಲ್ಲ. ಖರ್ಚು, ಅಲೆದಾಟಗಳ ಜೊತೆಗೆ, ತನ್ನ ವ್ಯಾಜ್ಯ ಯಾವ ಹಂತದಲ್ಲಿದೆಯೆಂಬುದೇ ತಿಳಿಯದ ಕತ್ತಲೂ ಅದರಲ್ಲಿದೆ. ತಾನು ಹೆಬ್ಬೆಟ್ಟು ಒತ್ತಿದ ಕಾಗದದಲ್ಲಿ ಏನು ಬರೆದಿದೆಯೆಂಬುದನ್ನು ತಿಳಿಯುವುದು ರೈತನ ಹಕ್ಕು. ಆ ಕಾಗದವನ್ನು ಅವನ ಮಾತಿನಲ್ಲಿ ಅವನಿಗೆ ಓದಿ ಹೇಳಬಲ್ಲವರು ಈ ವರ್ಷ ಕಾನೂನು ತರಗತಿಗೆ ಕಾಲಿಟ್ಟಿರುವ ಅವನದೇ ಊರಿನ ಮಕ್ಕಳು. ಅವರ ನಾಲಗೆಯಿಂದ ಊರಿನ ಮಾತನ್ನು ಕಾಲೇಜು ಕಿತ್ತುಕೊಳ್ಳಬಾರದು, ಅವರೂ ಬಿಟ್ಟುಕೊಡಬಾರದು.